ಪೊಟೋಮ್ಯಾಕ್ ನದಿಯ ದಂಡೆಯ ಮೇಲೆ

ಅಮೆರಿಕಕ್ಕೆ ಹೋಗಿ ಬಂದವರು ಪ್ರವಾಸದ ಲೇಖನ ಬರೆಯದೆ ಬಿಡುವುದಿಲ್ಲ ಎಂಬ ಮಾತು ನಮ್ಮ ಸಂಘದಲ್ಲಿ ಆಗಾಗ ಕೇಳಿಬರುತ್ತದೆ. ನಯಾಗರಾ ಜಲಪಾತವನ್ನೂ ನ್ಯೂಯಾರ್ಕಿನ ಮುಗಿಲುಮುಟ್ಟುವ ಕಟ್ಟಡಗಳನ್ನೂ ಈ ಪತ್ರಿಕೆಯ ವಾಚಕರು ಎಷ್ಟೋ ಸಲ, ಎಷ್ಟೋ ಜನರ ಕಣ್ಣಿನಿಂದ ನೋಡಿದ್ದಾಗಿದೆ. ಆದ್ದರಿಂದ ಅವುಗಳ ತಂಟೆಗೆ ನಾವು ಹೋಗುವುದಿಲ್ಲ. 2025ರ ಮಾರ್ಚ್ ತಿಂಗಳಿನಲ್ಲಿ, ಯುಗಾದಿಗೆ ಎರಡು ದಿನ ಮೊದಲು, ವಾಷಿಂಗ್ಟನ್ ನಗರದ ಪೊಟೋಮ್ಯಾಕ್ ನದಿಯ ದಂಡೆಯ ಮೇಲೆ ಕಳೆದ ಒಂದು ಮಧ್ಯಾಹ್ನದ ಸಂಗತಿಯನ್ನಷ್ಟೇ ಹೇಳಬೇಕೆಂದಿದ್ದೇವೆ.

ಮೊದಲು ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಧಾರವಾಡದ ಕಡೆಯಿಂದ ಹೊಟ್ಟೆಪಾಡಿಗೆಂದು ಪುಣೆಗೆ ಬಂದು ಕಾರಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು ನಾವು. ಮಗಳೂ ಅಳಿಯಂದಿರೂ ವಾಷಿಂಗ್ಟನ್ನಿಗೆ ತಾಗಿಕೊಂಡ ವರ್ಜೀನಿಯಾದಲ್ಲಿದ್ದಾರೆ. ಕಿರಿಯ ಮಗ ಸೈನ್ಯಕ್ಕೆ ಸೇರಿ ಹೆಲಿಕಾಪ್ಟರ್ ಹಾರಿಸುವುದನ್ನು ಕಲಿತವನು. ಅವನು ರಾತ್ರಿಯ ಹಾರಾಟಕ್ಕೆ ಹೋಗತೊಡಗಿದಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿದೆ. ಕೆಳಗಿಳಿದ ಮೇಲೆ ಅವನು ಫೋನಿನಲ್ಲಿ ಒಂದೇ ಒಂದು ಶಬ್ದ ಬರೆದು ಕಳಿಸುತ್ತಾನೆ: ‘ಇಳಿದೆ’. ಎಲ್ಲಿಂದ ಹಾರಿದ, ಎಲ್ಲಿ ಇಳಿದ ಎಂದು ನಾವು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಆ ಶಬ್ದ ಬರುವ ತನಕ ನಮ್ಮ ಮನೆಯವರು ಏನಾದರೊಂದು ಕೆಲಸ ಹಚ್ಚಿಕೊಂಡು ಅಡಿಗೆಮನೆಯಲ್ಲೇ ಇರುತ್ತಾರೆ. ಬಂದ ಮೇಲೆ ದೀಪ ಆರಿಸುತ್ತಾರೆ.

ವಾಷಿಂಗ್ಟನ್ನಿನ ಅಪಘಾತದ ಸುದ್ದಿ ಬಂದಾಗ ನಮ್ಮ ಟಿಕೇಟುಗಳು ಆಗಲೇ ಕೈಯಲ್ಲಿದ್ದವು. ಅಲ್ಲಿಯ ಲೆಕ್ಕದಲ್ಲಿ ಅದು ಜನವರಿ 29ರ ರಾತ್ರಿ ಒಂಬತ್ತಕ್ಕೆ ಹನ್ನೆರಡು ನಿಮಿಷ ಕಡಿಮೆ. ನಮ್ಮಲ್ಲಿ 30ರ ಬೆಳಗಿನ ಚಹದ ಹೊತ್ತು. ಇಳಿಯಲಿದ್ದ ಪ್ರಯಾಣಿಕರ ವಿಮಾನಕ್ಕೂ ರಾತ್ರಿಯ ಅಭ್ಯಾಸದಲ್ಲಿದ್ದ ಸೈನ್ಯದ ಹೆಲಿಕಾಪ್ಟರಿಗೂ ಆಕಾಶದಲ್ಲೇ ಡಿಕ್ಕಿಯಾಗಿ ಎರಡೂ ನದಿಗೆ ಬಿದ್ದವು ಎಂದು ಟೆಲಿವಿಷನ್ ಹೇಳಿತು. ನಮ್ಮ ಮನೆಯವರು ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು ಟೆಲಿವಿಷನ್ ಆರಿಸಿಬಿಟ್ಟರು. ಆ ದಿನ ಮನೆಯಲ್ಲಿ ಆ ಮಾತೇ ಬರಲಿಲ್ಲ. ಎಂಟು ದಿನ ಬಿಟ್ಟು, ರೊಟ್ಟಿ ಬಡಿಯುತ್ತ, ನಮ್ಮ ಕಡೆ ನೋಡದೆಯೇ, “ಏನ್ರೀ, ನೆಲದ ಮ್ಯಾಲಿನ ಕೆಲಸಾನೂ ಸೈನ್ಯದಾಗ ಇರ್ತಾವಲ್ಲ? ಅಂವಗ ಒಂದು ಮಾತು ಕೇಳಿ ನೋಡೋಣಂತ” ಎಂದರು. ನಾವು ಹೂಂ ಎಂದೆವು. ಕೇಳುವುದೋ ಬೇಡವೋ ಎಂಬ ಪ್ರಶ್ನೆಯನ್ನು ಶೇಂಗಾ ಹಿಂಡಿ, ಮೆಂತ್ಯದ ಹಿಟ್ಟುಗಳ ಜೊತೆಗೆ ಕಟ್ಟಿಕೊಂಡೇ ನಾವು ಅಮೆರಿಕಕ್ಕೆ ಹೊರಟದ್ದು.

ವಾಷಿಂಗ್ಟನ್ ಚೊಕ್ಕ ನಗರ. ಊರಿನ ನಡುವೆ ಮುಗಿಲು ಮುಚ್ಚುವಂಥ ಕಟ್ಟಡಗಳಿಲ್ಲ. ಎಲ್ಲಿ ನಿಂತರೂ ಬೇಕಾದಷ್ಟು ಆಕಾಶ ಕಾಣುತ್ತದೆ. ನಾವು ಹೋದದ್ದು ಚೆರ್ರಿ ಹೂವಿನ ವಾರದಲ್ಲಿ. 1912ರಲ್ಲಿ ಟೋಕಿಯೋ ನಗರದವರು ಸ್ನೇಹದ ಗುರುತೆಂದು 3,020 ಸಸಿಗಳನ್ನು ಕಳಿಸಿಕೊಟ್ಟರಂತೆ. ಅದಕ್ಕೆ ಮೊದಲು, 1910ರಲ್ಲಿ ಬಂದ ಎರಡು ಸಾವಿರ ಗಿಡಗಳಿಗೆ ರೋಗ ಹತ್ತಿದ್ದು ಕಂಡು ಅವುಗಳನ್ನು ಸುಟ್ಟುಹಾಕಬೇಕಾಯಿತು. ಕೊಟ್ಟವರು ಬೇಸರಪಡದೆ ಮತ್ತೆ ಕಳಿಸಿದರು. ಕೆರೆಯಂಥ ನೀರಿನ ಸುತ್ತ ಆ ಮರಗಳು ಎಲೆಯೇ ಕಾಣದಂತೆ ಹೂ ಬಿಟ್ಟು ನಿಂತಿದ್ದವು. ಜನವೋ ಜನ! ನಮ್ಮ ಕಡೆಯ ಜಾತ್ರೆಯೇ. ಆದರೆ ಪೀಪಿಯ ಸದ್ದಿಲ್ಲ, ಬತ್ತಾಸು ಮಂಡಕ್ಕಿಯ ಅಂಗಡಿಗಳಿಲ್ಲ. ನಮ್ಮ ಮನೆಯವರು ಬಿದ್ದ ಎಸಳುಗಳನ್ನು ಕೈಯಲ್ಲಿ ಹಿಡಿದು, “ನಮ್ಮ ಹೊಂಗಿ ಹೂವು ಬೀಳೂ ಕಾಲಾನೂ ಇದs ನೋಡ್ರಿ” ಎಂದರು. ಊರು ಬಿಟ್ಟು ನಲವತ್ತು ವರ್ಷವಾಗುತ್ತ ಬಂದರೂ ಅವರ ಪಂಚಾಂಗದಲ್ಲಿ ಹೊಂಗೆಯೇ ಚೈತ್ರ ತರುತ್ತದೆ.

ಅಲ್ಲಿಂದ ಹಳದಿ ಮಾರ್ಗದ ಮೆಟ್ರೋ ಹಿಡಿದೆವು. ಸುರಂಗದಿಂದ ಹೊರಬಂದ ಗಾಡಿ ಒಮ್ಮೆಲೇ ನದಿಯ ಮೇಲಿರುತ್ತದೆ. ಪೊಟೋಮ್ಯಾಕ್ ಅಲ್ಲಿ ಬಲು ಅಗಲ. ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಶಾಂತ. ಪಕ್ಕದಲ್ಲೇ ಮೋಟಾರುಗಳ ಸೇತುವೆ. ಮಗಳು ಅದನ್ನು ತೋರಿಸಿ ಕಥೆ ಹೇಳಿದಳು. 1982ರ ಜನವರಿ 13ರಂದು, ಹಿಮ ಸುರಿಯುತ್ತಿದ್ದ ಮಧ್ಯಾಹ್ನ, ಆಗತಾನೆ ಮೇಲೆದ್ದ ವಿಮಾನವೊಂದು ರೆಕ್ಕೆಗೆ ಮಂಜು ಕಟ್ಟಿದ್ದರಿಂದ ಏರಲಾರದೆ ಆ ಸೇತುವೆಗೆ ಬಡಿದು ಹೆಪ್ಪುಗಟ್ಟಿದ ನದಿಗೆ ಬಿತ್ತು. ವಿಮಾನದಲ್ಲಿದ್ದ 74 ಮಂದಿ, ಸೇತುವೆಯ ಮೇಲಿದ್ದ 4 ಮಂದಿ ತೀರಿಹೋದರು. ಬಾಲದ ತುಂಡನ್ನು ಹಿಡಿದು ನೀರಿನಲ್ಲಿ ಉಳಿದವರು ಆರು ಜನ. ಅವರನ್ನು ಎತ್ತಲು ಬಂದದ್ದು ಒಂದು ಹೆಲಿಕಾಪ್ಟರು. ಮೇಲಿನಿಂದ ಬಿಟ್ಟ ಹಗ್ಗ ಕೈಗೆ ಬಂದಾಗಲೆಲ್ಲ ಒಬ್ಬ ಮನುಷ್ಯ ಅದನ್ನು ಬೇರೆಯವರಿಗೆ ದಾಟಿಸಿದನಂತೆ. ಕೊನೆಗೆ ಅವನಿಗಾಗಿ ಹೆಲಿಕಾಪ್ಟರು ತಿರುಗಿ ಬರುವಷ್ಟರಲ್ಲಿ ಅವನು ಮುಳುಗಿದ್ದ. ಆರ್ಲಂಡ್ ವಿಲಿಯಮ್ಸ್ ಎಂದು ಅವನ ಹೆಸರು. ಆ ಸೇತುವೆಗೆ ಈಗ ಅದೇ ಹೆಸರು. ನಮ್ಮ ಮನೆಯವರು ಗಾಡಿ ನದಿ ದಾಟುವ ತನಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ವಿಮಾನ ನಿಲ್ದಾಣದ ಸ್ಟೇಷನ್ನಿನಲ್ಲಿ ಇಳಿದು, ನದಿಗುಂಟ ಸೈಕಲ್ಲಿನವರೂ ನಡೆಯುವವರೂ ಓಡಾಡುವ ದಾರಿಯಲ್ಲಿ ಮೈಲಿಯಷ್ಟು ನಡೆದರೆ ಗ್ರ್ಯಾವೆಲಿ ಪಾಯಿಂಟ್ ಎಂಬ ಹುಲ್ಲಿನ ಬಯಲು ಸಿಗುತ್ತದೆ. ನದಿಯಲ್ಲಿ ಮಣ್ಣು ತುಂಬಿಸಿ 1941ರಲ್ಲಿ ತೆರೆದ ಈ ವಿಮಾನ ನಿಲ್ದಾಣದ ದೊಡ್ಡ ರನ್‌ವೇಯ ಬಡಗಣ ತುದಿ ಆ ಬಯಲಿನ ಎದುರಿಗೇ ಇದೆ. ಮಕ್ಕಳನ್ನು ಕರೆದುಕೊಂಡು, ಚಾಪೆ ಹಾಸಿ, ಬುತ್ತಿ ಬಿಚ್ಚಿಕೊಂಡು ಜನ ವಿಮಾನ ನೋಡುತ್ತ ಕೂಡುತ್ತಾರೆ. ಎರಡು ಮೂರು ನಿಮಿಷಕ್ಕೊಮ್ಮೆ ವಿಮಾನ ತಲೆಯ ಮೇಲೆಯೇ ಗರ್ಜಿಸಿ ಹೋಗುತ್ತದೆ. ಮಕ್ಕಳು ಕಿವಿ ಮುಚ್ಚಿಕೊಂಡು ಕುಣಿಯುತ್ತವೆ. ನಾವೂ ಚಪಾತಿ ಪಲ್ಯ ಬಿಚ್ಚಿದೆವು. ಗಂಟೆ ಒಂದಾಗಿತ್ತು.

“ಅಪ್ಪಾ, ಅಲ್ಲಿ ನೋಡ್ರಿ,” ಎಂದು ಮಗಳು ನದಿ ಹರಿದುಹೋಗುವ ದಿಕ್ಕಿಗೆ, ನಿಲ್ದಾಣದ ಆಚೆ ತುದಿಯತ್ತ ಕೈ ಮಾಡಿದಳು. “ಆಗಿದ್ದು ಅಲ್ಲಿ.” ನೋಡಲು ಅಲ್ಲಿ ಏನೂ ಇರಲಿಲ್ಲ. ನೀರು, ಆಚೆಯ ದಡ, ಕೆಲವು ಹಕ್ಕಿಗಳು.

ಆ ರಾತ್ರಿ ಆದದ್ದು ಇಷ್ಟು. ಕಾನ್ಸಾಸ್ ಪ್ರಾಂತದ ವಿಚಿಟಾ ನಗರದಿಂದ 60 ಪ್ರಯಾಣಿಕರನ್ನೂ 4 ಸಿಬ್ಬಂದಿಯವರನ್ನೂ ಹೊತ್ತ ವಿಮಾನ ಇಳಿಯಲು ಬರುತ್ತಿತ್ತು. ಅದರಲ್ಲಿ ಮಂಜಿನ ಮೇಲೆ ಜಾರುವ ಸ್ಕೇಟಿಂಗ್ ಕಲೆಯ ಎಳೆಯ ಮಕ್ಕಳು, ಅವರ ತಾಯಿತಂದೆಗಳು, ಗುರುಗಳು ಇದ್ದರು. ರಾಷ್ಟ್ರೀಯ ಸ್ಪರ್ಧೆಯ ನಂತರದ ಶಿಬಿರ ಮುಗಿಸಿ ಮರಳುತ್ತಿದ್ದವರು. 1994ರಲ್ಲಿ ಜೋಡಿಯಾಗಿ ಜಗತ್ತಿನ ಪ್ರಶಸ್ತಿ ಗೆದ್ದ ರಷ್ಯದ ದಂಪತಿಗಳೂ, ಬೇಟೆಗೆ ಹೋಗಿ ಬರುತ್ತಿದ್ದ ಗೆಳೆಯರ ಗುಂಪೂ ಅದರಲ್ಲಿತ್ತು. ಎದುರಿನಿಂದ ನದಿಗುಂಟ ಬರುತ್ತಿದ್ದುದು ಸೈನ್ಯದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರು, ಒಳಗೆ ಮೂವರು. ಒಬ್ಬ ತರುಣಿ ಕ್ಯಾಪ್ಟನ್ ಅವರ ವಾರ್ಷಿಕ ಪರೀಕ್ಷೆ ನಡೆದಿತ್ತು. ಕತ್ತಲೆಯಲ್ಲಿ ಕಾಣಿಸುವ ಕನ್ನಡಕ ಧರಿಸಿ ಹಾರುವ ಪರೀಕ್ಷೆ. ಪಕ್ಕದಲ್ಲಿ ಪರೀಕ್ಷಿಸುವ ಗುರು. ಅವರು ವರ್ಜೀನಿಯಾದ ತಮ್ಮ ನೆಲೆಯ ಕಡೆಗೆ ಹೊರಟಿದ್ದರು. ಆಕಾಶ ಶುಭ್ರವಾಗಿತ್ತು. ಪಂಚಾಂಗ ನೋಡುವವರಿಗೆ ಇನ್ನೊಂದು ಮಾತು: ಅಂದು ಪುಷ್ಯ ಮಾಸದ ಅಮಾವಾಸ್ಯೆ. ಒಟ್ಟು 67 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ದೇಶದಲ್ಲಿ 2009ರ ನಂತರ ಪ್ರಯಾಣಿಕರ ವಿಮಾನಕ್ಕೆ ಅಷ್ಟು ದೊಡ್ಡ ಅನಾಹುತ ಆಗಿರಲಿಲ್ಲ.

ಮೋಡವಿಲ್ಲದ ರಾತ್ರಿಯಲ್ಲಿ ಎದುರಿಗೆ ಬರುವ ವಿಮಾನ ಕಾಣಲಿಲ್ಲವೇ ಎಂದು ಯಾರಾದರೂ ಕೇಳುತ್ತಾರೆ, ನಾವೂ ಕೇಳಿದೆವು. ನಮ್ಮ ಅಳಿಯಂದಿರು ಯಂತ್ರಗಳ ವಿಷಯ ಬಲ್ಲವರು. ಹಿಂದಿನ ರಾತ್ರಿಯಷ್ಟೇ ಊಟದ ಮೇಜಿನ ಮೇಲೆ ಚಮಚ, ಬಟ್ಟಲುಗಳನ್ನಿಟ್ಟು ವಿವರಿಸಿದ್ದರು. ಆ ಕನ್ನಡಕ ಕತ್ತಲೆಯನ್ನು ಬೆಳಗು ಮಾಡುತ್ತದೆ, ಆದರೆ ನೋಟವನ್ನು ಕಿರಿದು ಮಾಡುತ್ತದೆ. ಕೊಳವೆಯೊಳಗಿಂದ ನೋಡಿದ ಹಾಗೆ. ಬಣ್ಣಗಳು ತಿಳಿಯುವುದಿಲ್ಲ. ನಗರದ ದೀಪಗಳು ದೊಡ್ಡ ದೊಡ್ಡ ಪ್ರಭೆಗಳಾಗಿ ಕಣ್ಣಿಗೆ ಹೊಡೆಯುತ್ತವೆ. ಅಲ್ಲದೆ, ಡಿಕ್ಕಿಯ ದಾರಿಯಲ್ಲಿ ಬರುವ ವಿಮಾನದ ದೀಪ ಅತ್ತಿತ್ತ ಸರಿಯದೆ ನಿಂತಲ್ಲೇ ನಿಂತಂತೆ ಕಾಣುತ್ತದಂತೆ. ಕಾರ್ತಿಕದ ದೀಪೋತ್ಸವದಂದು ಗುಡಿಯ ಅಂಗಳದಲ್ಲಿ ಸಾವಿರ ಹಣತೆ ಹಚ್ಚಿ, ಅದರೊಳಗೆ ಇಂಥದೇ ಒಂದು ಹಣತೆ ನಿನ್ನ ಕಡೆಗೆ ಬರುತ್ತಿದೆ, ಯಾವುದು ಹೇಳು ಎಂದರೆ ಏನು ಹೇಳೋಣ?

ನಿಯಂತ್ರಣ ಗೋಪುರದವರು ಹೆಲಿಕಾಪ್ಟರಿನವರಿಗೆ ವಿಮಾನ ಬರುತ್ತಿರುವುದನ್ನು ತಿಳಿಸಿದರು. ಅವರು ಕಾಣುತ್ತಿದೆ, ನಾವೇ ನೋಡಿಕೊಂಡು ಅಂತರ ಕಾಯುತ್ತೇವೆ ಎಂದರು. ಅವರು ನೋಡಿದ್ದು ಆ ವಿಮಾನವನ್ನೋ ಬೇರೊಂದು ದೀಪವನ್ನೋ! ವಿಮಾನ ದೊಡ್ಡ ರನ್‌ವೇಯನ್ನು ಬಿಟ್ಟು ಚಿಕ್ಕದಕ್ಕೆ ಸುತ್ತು ಹಾಕಿ ಬರುತ್ತಿದೆ ಎಂಬ ಸೂಚನೆಯಲ್ಲಿ ‘ಸುತ್ತು’ ಎಂಬ ಶಬ್ದವೇ ಅವರ ಕಿವಿಗೆ ಬೀಳಲಿಲ್ಲವೆಂದು ತನಿಖೆಯವರು ಊಹಿಸಿದರು. ಕೊನೆಗೆ ‘ಅದರ ಹಿಂದಿನಿಂದ ಹೋಗಿರಿ’ ಎಂದು ಗೋಪುರ ಹೇಳಿತು. ಅದೇ ಗಳಿಗೆಯಲ್ಲಿ ಹೆಲಿಕಾಪ್ಟರಿನವರು ತಾವು ಮಾತಾಡಲೆಂದು ಗುಂಡಿ ಒತ್ತಿದ್ದರಿಂದ ಆ ಮಾತು ಮುಚ್ಚಿಹೋಯಿತು. ಒತ್ತಿದ್ದು ಒಂದು ಸೆಕೆಂಡಿಗೂ ಕಡಿಮೆ. ಅವರ ದಾರಿಯಲ್ಲಿ 200 ಅಡಿಗಿಂತ ಮೇಲೆ ಹಾರಬಾರದೆಂಬ ನಿಯಮ. ಹೆಲಿಕಾಪ್ಟರು ಇದ್ದದ್ದು 278 ಅಡಿಯಲ್ಲಿ. ಅದೇ ಜಾತಿಯ ಹೆಲಿಕಾಪ್ಟರುಗಳನ್ನು ಆಮೇಲೆ ಹಾರಿಸಿ ನೋಡಿದಾಗ ಎತ್ತರ ತೋರಿಸುವ ಮೀಟರೇ ನೂರು ಅಡಿಯ ಆಸುಪಾಸು ಕಡಿಮೆ ತೋರಿಸುತ್ತಿತ್ತೆಂದು ಅದೇ ವರ್ಷದ ವಿಚಾರಣೆಯಲ್ಲಿ ಹೊರಬಿತ್ತು.

ಆದರೆ ನಮಗೆ ನಿದ್ದೆಗೆಡಿಸಿದ್ದು ಬೇರೆ ಲೆಕ್ಕ. ಹೆಲಿಕಾಪ್ಟರಿನವರು ನಿಯಮದಂತೆ ಆಚೆ ದಡಕ್ಕೆ ಅಂಟಿಕೊಂಡು 200 ಅಡಿಯಲ್ಲೇ ಹಾರಿದರೂ, ಆ ಚಿಕ್ಕ ರನ್‌ವೇಗೆ ಇಳಿಯುವ ವಿಮಾನಕ್ಕೂ ಅವರಿಗೂ ನಡುವೆ ಕೆಲವೊಮ್ಮೆ 75 ಅಡಿಯಷ್ಟೇ ಅಂತರ ಉಳಿಯುತ್ತಿತ್ತು. ಎರಡು ತೆಂಗಿನ ಮರಗಳಷ್ಟು ಎತ್ತರವೂ ಅಲ್ಲ! 2021ರ ಅಕ್ಟೋಬರಿನಿಂದ 2024ರ ಡಿಸೆಂಬರಿನ ವರೆಗೆ ಪ್ರಯಾಣಿಕರ ವಿಮಾನಗಳೂ ಹೆಲಿಕಾಪ್ಟರುಗಳೂ ಅಲ್ಲಿ ಒಂದು ನಾವಿಕ ಮೈಲಿಗಿಂತ, ಎತ್ತರದಲ್ಲಿ 400 ಅಡಿಗಿಂತ ಹತ್ತಿರ ಬಂದದ್ದು 15,214 ಸಲ. ಅವುಗಳಲ್ಲಿ 85 ಸಲ ಇನ್ನೂ ತೀರ ಸಮೀಪ. ಈ ಅಂಕಿಗಳು ದಫ್ತರದಲ್ಲಿ ಮೊದಲಿನಿಂದಲೂ ಇದ್ದವು. ಕೂಡಿಸಿ ನೋಡಿದವರಿರಲಿಲ್ಲ. ಅಪಘಾತದ ಮೇಲೆ ಆ ದಾರಿಯನ್ನು ಮುಚ್ಚಿದರು.

ಇಷ್ಟು ವಿಷಯ ತಲೆಯಲ್ಲಿಟ್ಟುಕೊಂಡು ಹುಲ್ಲಿನ ಮೇಲೆ ಕೂತಿದ್ದಾಗ ಗಂಟೆ ಒಂದೂವರೆ ಹೊಡೆಯಿತು. ಆ ದಿನಗಳಲ್ಲಿ ಅವರಿಗೂ ನಮಗೂ ಒಂಬತ್ತೂವರೆ ತಾಸಿನ ಅಂತರ. ಅಂದರೆ ನಮ್ಮ ದೇಶದಲ್ಲಿ ರಾತ್ರಿ ಹನ್ನೊಂದು. ಈ ಹೊತ್ತಿಗೆ ಮಗನ ಶಬ್ದ ಬರಬೇಕು. ಅಂದು ಹಾರಾಟವಿದೆಯೆಂದು ಅವನು ಬೆಳಿಗ್ಗೆಯೇ ತಿಳಿಸಿದ್ದ. ನಮ್ಮ ಮನೆಯವರು ಫೋನನ್ನು ಸೆರಗಿನ ಮೇಲಿಟ್ಟುಕೊಂಡಿದ್ದರು. ಒಂದು ಮುಕ್ಕಾಲಾಯಿತು. ಎರಡಾಯಿತು.

“ಏನ್ರೀ, ಇಷ್ಟೊತ್ತಿಗೆ ಬರಬೇಕಾಗಿತ್ತಲ್ಲ?”

“ಅವ್ವಾ, ಇಲ್ಲಿ ಸಿಗ್ನಲ್ ಸರಿಯಿಲ್ಲೋ ಏನೋ,” ಎಂದಳು ಮಗಳು. ಸಿಗ್ನಲ್ ಸರಿಯಾಗಿಯೇ ಇತ್ತು. ಅದಕ್ಕೆ ಸ್ವಲ್ಪ ಮೊದಲಷ್ಟೇ ಅಳಿಯಂದಿರ ಫೋನು ಬಂದಿತ್ತು. ನಾವು ಫೋನು ಮಾಡೋಣವೆಂದರೆ ಅದೂ ನಮ್ಮ ಪದ್ಧತಿಯಲ್ಲ. ಹಾರಾಟದ ಹೊತ್ತಿನಲ್ಲಿ ನಾವಾಗಿ ಕರೆಯಬಾರದೆಂದು ಅವನೇ ಹಾಕಿದ ಕಟ್ಟಳೆ. ತಲೆಯ ಮೇಲೆ ವಿಮಾನಗಳು ಹೋಗುತ್ತಲೇ ಇದ್ದವು. ಪಕ್ಕದ ಚಾಪೆಯ ಮೇಲೆ ಒಂದು ಸಣ್ಣ ಹುಡುಗ ಪ್ರತಿಯೊಂದು ವಿಮಾನಕ್ಕೂ ಕೈ ಬೀಸುತ್ತಿದ್ದ. ನಮ್ಮ ಮನೆಯವರು ಮೇಲೆ ನೋಡುವುದನ್ನು ಬಿಟ್ಟು ನದಿಯನ್ನೇ ನೋಡತೊಡಗಿದರು. ವಿಚಿಟಾದಿಂದ ಬರುವವರಿಗಾಗಿ ಅಂದು ರಾತ್ರಿ ಇದೇ ನಿಲ್ದಾಣದಲ್ಲಿ ಕಾದು ನಿಂತ ಜನರು ಎಷ್ಟೋ. ಅವರಲ್ಲೂ ಹೀಗೆಯೇ ಫೋನು ಕೈಯಲ್ಲಿ ಹಿಡಿದವರು ಇದ್ದರಲ್ಲವೇ? ಆ ಮೂವರು ಸೈನಿಕರ ಮನೆಗಳಲ್ಲೂ ಇಂಥದೇ ಒಂದು ಶಬ್ದದ ಪದ್ಧತಿ ಇತ್ತೋ ಏನೋ.

ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಶಬ್ದ ಬರಲಿಲ್ಲ. ಅವನ ಫೋನೇ ಬಂತು.

“ಅವ್ವಾ, ಇಳಿದು ತಾಸಿನ ಮ್ಯಾಲಾತು. ಭಾಳ ಹಸಿವಿ ಆಗಿತ್ತು, ಊಟಕ್ಕ ಕೂತುಬಿಟ್ಟೆ. ಫೋನು ಖೋಲ್ಯಾಗ ಉಳೀತು.”

ನಮ್ಮ ಮನೆಯವರ ಸಿಟ್ಟು ನಾವು ಬಲ್ಲೆವು. ಈಗ ಬಂತು ಎಂದು ಕಾದೆವು. ನೆಲದ ಮೇಲಿನ ಕೆಲಸದ ಮಾತನ್ನೂ ಈಗಲೇ ಎತ್ತಬಹುದೆಂದುಕೊಂಡೆವು. ಅವರು ಕೇಳಿದ್ದು ಇಷ್ಟೇ:

“ಏನು ಉಂಡಿ?”

ಅವನು ಹೇಳಿದ. ಆಮೇಲೆ, “ಇವತ್ತ ಕತ್ತಲಿ ಭಾಳ ಇತ್ತೇನಪಾ?” ಎಂದರು.

“ಅಮಾಸಿ ಮುಂದ ಬಂತಲ್ಲವ್ವಾ. ಕತ್ತಲಿ ಇದ್ದಾಗs ಕಲೀಬೇಕಾಗ್ತದ. ಬೆಳದಿಂಗಳದಾಗ ಯಾರು ಬೇಕಾದ್ರೂ ಹಾರಸ್ತಾರ.”

ಮಾತು ಮುಗಿಯಿತು. ಮಗಳು ಉಳಿದ ಚಪಾತಿಗಳನ್ನು ಕಟ್ಟಿದಳು. ಮೆಟ್ರೋ ಸ್ಟೇಷನ್ನಿಗೆ ಮರಳಿ ನಡೆಯುವಾಗ ನಾವು, “ಕೇಳಬೇಕಂದಿದ್ದಿ, ಕೇಳಲಿಲ್ಲ?” ಎಂದೆವು. ಅವರು ಸ್ವಲ್ಪ ದೂರ ಸುಮ್ಮನೆ ನಡೆದರು. “ಅಂವ ಬಿಟ್ಟರ ಇನ್ನೊಬ್ಬಾಕಿ ಮಗ ಕಲೀಬೇಕು,” ಎಂದರು. “ಮಹಾಪೂರ ಬಂದಾಗ ಮಾಳಿಗಿ ಮ್ಯಾಲಿನ ಮಂದೀನ್ನ ಎತ್ತಾಕ ರಾತ್ರಿ ಯಾರರ ಬರಬೇಕಲ್ಲ? ಆದರ, ಕತ್ತಲಿಯೊಳಗ ಹೋಗೋ ಹುಡುಗರಿಗೆ ದಾರಿ ಹಾಕಿಕೊಡೋರು ಹಗಲ ಹೊತ್ತಿನ್ಯಾಗ ಕೂತು, ಲೆಕ್ಕಾ ನೋಡಿ ಹಾಕಬೇಕ್ರೀ. ಅವರಿಗೇನು ಕತ್ತಲಿ ಇತ್ತು?”

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಊರಿಗೆ ಮರಳಿದ ಮೇಲೂ ಆ ಅಪಘಾತದ ವಿಷಯ ಪತ್ರಿಕೆಯಲ್ಲಿ ಎಲ್ಲಿ ಬಂದರೂ ಓದುತ್ತಿದ್ದೆವು. 2025ರ ಡಿಸೆಂಬರಿನಲ್ಲಿ ಅಮೆರಿಕದ ಸರಕಾರ ನ್ಯಾಯಾಲಯದ ಮುಂದೆ ತನ್ನ ಹೊಣೆಯನ್ನು ಒಪ್ಪಿಕೊಂಡಿತು. 2026ರ ಜನವರಿಯಲ್ಲಿ ತನಿಖಾ ಮಂಡಳಿ ತೀರ್ಮಾನ ಹೇಳಿತು: ಹೆಲಿಕಾಪ್ಟರಿನ ದಾರಿಯನ್ನು ವಿಮಾನ ಇಳಿಯುವ ದಾರಿಗೆ ಅಷ್ಟು ಸಮೀಪದಲ್ಲಿ ಹಾಕಿದ್ದು, ಅದನ್ನು ಆಗಾಗ ಪರಿಶೀಲಿಸದೆ ಇದ್ದದ್ದು, ಕಣ್ಣಳತೆಯನ್ನೇ ಅತಿಯಾಗಿ ನಂಬಿದ್ದು. ಸಾವಿರಾರು ಪುಟಗಳ ಕಾಗದಪತ್ರ ನೋಡಿ ಅವರು ಹೇಳಿದ ಮಾತಿಗೂ ನಮ್ಮ ಮನೆಯವರು ನದಿಯ ದಂಡೆಯ ಮೇಲೆ ಹೇಳಿದ್ದಕ್ಕೂ ಬಹಳ ವ್ಯತ್ಯಾಸ ನಮಗೆ ಕಾಣಲಿಲ್ಲ. ತೀರಿಹೋದ ಆ ರಷ್ಯದ ದಂಪತಿಗಳ ಮಗ ಮ್ಯಾಕ್ಸಿಮ್ ನೌಮೊವ್, ತಾಯಿತಂದೆ ಕಲಿಸಿದ ಅದೇ ಸ್ಕೇಟಿಂಗಿನಲ್ಲಿ 2026ರ ಒಲಿಂಪಿಕ್ಸಿಗೆ ಅಮೆರಿಕದ ತಂಡದಲ್ಲಿ ಆಯ್ಕೆಯಾದ ಸುದ್ದಿಯನ್ನು ಅವರು ಕತ್ತರಿಸಿ ದೇವರ ಕೋಣೆಯ ಗೂಡಿನಲ್ಲಿಟ್ಟಿದ್ದಾರೆ.

ಎರಡು ದಿನದ ಮೇಲೆ ಮಗಳ ಮನೆಯಲ್ಲಿ ಯುಗಾದಿ. ಬೇವಿನ ಹೂವಿಗಾಗಿ ಮಗಳು ಅಂಗಡಿಯಿಂದ ಒಣಗಿದ ಪೊಟ್ಟಣ ತಂದಿದ್ದಳು, ಕಹಿಗೇನೂ ಕೊರತೆಯಿರಲಿಲ್ಲ. ಪುಣೆಯಲ್ಲಿ ಆ ಹೊತ್ತಿಗೆ ಹಬ್ಬದ ದಿನ ಅರ್ಧ ಕಳೆದಿತ್ತು. ಮಗನ ಪಾಲಿನ ಬೇವುಬೆಲ್ಲವನ್ನು ಒಂದು ಸಣ್ಣ ಬಟ್ಟಲಲ್ಲಿ ತೆಗೆದಿಟ್ಟು, ಸಂಜೆಗೆ ನಾವೇ ಹಂಚಿಕೊಂಡು ತಿಂದೆವು.

ನಮ್ಮ ಸಂಘದಲ್ಲಿ ಮಕ್ಕಳನ್ನು ಸೈನ್ಯಕ್ಕೆ ಕೊಟ್ಟ ಮನೆಗಳು ಇನ್ನೂ ಕೆಲವು ಇವೆ. ರಾತ್ರಿ ಬಹಳ ಹೊತ್ತಿನ ತನಕ ಅಡಿಗೆಮನೆಯ ದೀಪ ಉರಿಯುತ್ತಿದ್ದರೆ ನೆರೆಯವರು ತಪ್ಪು ತಿಳಿಯಬಾರದು. ವಾಷಿಂಗ್ಟನ್ನಿಗೆ ಹೋಗುವ ವಾಚಕರು ಚೆರ್ರಿ ಹೂವನ್ನು ಅವಶ್ಯ ನೋಡಲಿ. ಬಿಡುವಿದ್ದರೆ ಆ ಹುಲ್ಲಿನ ಬಯಲಿಗೂ ಹೋಗಿ ಒಂದು ಗಳಿಗೆ ಕೂತು ಬರಲಿ. ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು.